ತಾತನ ಬಿಲ್ಲೆ

ನಮ್ಮೂರು ಕೆಜಿಎಫ್ ಅಂದ ತಕ್ಷಣ ಆಫೀಸಲ್ಲಿ ಯಾರಾದ್ರೂ ರಾಕಿ ಭಾಯ್ ಡೈಲಾಗ್ ಹೊಡೆದೇ ಹೊಡೀತಾರೆ. ನಕ್ಕು ಸುಮ್ಮನಾಗ್ತೀನಿ. ನಮ್ಮ ಮನೆಯಲ್ಲಿ ಬಂಗಾರ ಅಂತ ಇದ್ದದ್ದು ಪಾಟಿಯ ಮೂಗುಬೊಟ್ಟು ಮಾತ್ರ.

ಹೋದ ತಿಂಗಳು ಊರಿಗೆ ಹೋದಾಗ ಅಮ್ಮ ಹಳೇ ಹಿತ್ತಾಳೆ ಸಾಮಾನನ್ನೆಲ್ಲ ಗುಜರಿಯವನಿಗೆ ತೂಗೋಕೆ ತೆಗೆದಿಟ್ಟಿದ್ರು. ಅದರಲ್ಲೊಂದು ಬಿಲ್ಲೆ. ಮೇಲೊಂದು ತೂತು, ಕೆಳಗೆ ನಂಬರು, ಹೆಸರಿಲ್ಲ. ಗಣಿಗೆ ಇಳಿಯುವಾಗ ತಾತನ ಗುರುತು ಅದೇ ಆಗಿತ್ತು.

ಕೋಲಾರದ ಈ ಗಣಿಗಳನ್ನು 1880ರಿಂದ ನಡೆಸಿದ್ದು ಲಂಡನ್ನಿನ ಜಾನ್ ಟೇಲರ್ ಕಂಪನಿ. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗಿಂತ ಆಳ. 2001ರ ಫೆಬ್ರವರಿ 28ಕ್ಕೆ ಎಲ್ಲ ಮುಚ್ಚಿತು. ಇಷ್ಟು ಗೂಗಲ್ಲಲ್ಲೂ ಸಿಗುತ್ತೆ. ಸಿಗದೇ ಇರೋದು ಪಾಟಿ ಹತ್ರ ಇತ್ತು.

"ನಿಮ್ಮ ಕಥೆ ಹೇಳು ಪಾಟಿ" ಅಂತ ಎಷ್ಟೋ ಸಲ ಕೇಳಿದ್ದೆ. "ಏನಿದೆ ಹೇಳೋಕೆ, ಅಡುಗೆ ಮಾಡಿದ್ದೇ" ಅಂತಿದ್ದರು. ಬಿಲ್ಲೆ ಕೈಗಿಟ್ಟಾಗ ಬಾಯಿ ಬಿಟ್ಟರು. ನೆಲದೊಳಗೆ ಬಂಡೆ ಸಿಡಿದರೆ, ಅವರ ಬಾಯಲ್ಲಿ ಅದು 'ಏರ್‌ಬ್ಲಾಸ್ಟು', ಲೈನ್ ಮನೆಯ ಪಾತ್ರೆಗಳೆಲ್ಲ ಗಡಗಡ ಅಲ್ಲಾಡೋವು. ಒಲೆ ಮೇಲಿನ ಅನ್ನ ಹಾಗೇ ಬಿಟ್ಟು ಹೆಂಗಸರು ಶಾಫ್ಟ್ ಕಡೆ ಓಡೋರು. ಒಳಗಿದ್ದವರ ಲೆಕ್ಕ ಸಿಗ್ತಿದ್ದದ್ದು ನಂಬರಿನಿಂದ. ಒಂದು ಸಲ ಸಂಜೆವರೆಗೂ ನಿಂತಿದ್ದರಂತೆ. ತಾತ ಬಂದರು, ಪಕ್ಕದ ಮನೆಯವರು ಬರಲಿಲ್ಲ. ಆ ಹೆಸರು ಹೇಳಿ, ಕೂಡಲೇ "ಫೋನಲ್ಲಿರೋದು ಅಳಿಸು ಕಣ್ಣಾ, ಅವರ ಮಕ್ಕಳಿದ್ದಾರೆ" ಅಂದರು. ಅಳಿಸಿದೆ.

ಇನ್ನೊಂದು ವಿಷಯ. 1930ರಲ್ಲಿ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಿ ಅಂದಾಗ ಸಾವಿರಾರು ಗಣಿ ಕಾರ್ಮಿಕರು ಕೆಲಸ ನಿಲ್ಲಿಸಿದ್ದರು. ಕಳ್ಳರಿಗೆ ಮಾಡೋ ಕೆಲಸ ನಮಗ್ಯಾಕೆ ಅನ್ನೋ ಸಿಟ್ಟು. ಇತಿಹಾಸಕಾರ್ತಿ ಜಾನಕಿ ನಾಯರ್ ಇದನ್ನು ಬರೆದಿದ್ದಾರೆ. ನಾನು ದಿನಾ ಬೆಳಗ್ಗೆ ಗೇಟಲ್ಲಿ ಹೆಬ್ಬೆರಳು ಒತ್ತಿ ಒಳಗೆ ಹೋಗ್ತೀನಿ, ಒಂದು ದಿನವೂ ಏನೂ ಅನ್ನಿಸಿರಲಿಲ್ಲ!

ನಿಮ್ಮನೆಯಲ್ಲೂ ಮಿಲ್ಲು, ಗಣಿ, ಫ್ಯಾಕ್ಟರಿಯ ಏನಾದ್ರೂ ಉಳಿದಿರಬಹುದು. ಟಿಫಿನ್ ಕ್ಯಾರಿಯರ್, ಹೆಲ್ಮೆಟ್ಟು, ಸಂಬಳದ ಚೀಟಿ. ಜೀವನಕಥೆ ಕೇಳಬೇಡಿ, ಆ ಒಂದು ವಸ್ತು ಕೈಗೆ ಕೊಟ್ಟು ಕೇಳಿ. ಎಲ್ಲಿ ಇಡ್ತಿದ್ರು, ಯಾರು ತೊಳೀತಿದ್ರು, ಕಳೆದುಹೋದರೆ ಏನಾಗ್ತಿತ್ತು ಅಂತ. ಫೋಟೋ ತೆಗೆದು, ನಂಬರು, ಶಾಫ್ಟಿನ ಹೆಸರು, ಹೇಳಿದವರು ಯಾರು ಅನ್ನೋದನ್ನ ಅಲ್ಲೇ ಬರೆದಿಡಿ. ರೆಕಾರ್ಡ್ ಮಾಡೋ ಮುಂಚೆ ಕೇಳಿ, ಮಾಡಿದ ಮೇಲೂ ಕೇಳಿ.

ಬಿಲ್ಲೆ ಈಗ ಪಾಟಿಯ ದಿಂಬಿನ ಕೆಳಗಿದೆ. ಬೆಂಗಳೂರಿಗೆ ತರ್ತೀನಿ ಅಂದೆ, ಕೊಡಲಿಲ್ಲ.