ಹೆಚ್ಚಾದ ಹುಂಜ ಮನೆಗೇ ಇರಲಿ

ಹೇಂಟೆ 10 ಮರಿ ಮಾಡಿದರೆ ಹೆಚ್ಚುಕಡಿಮೆ 5 ಹುಂಜಗಳೇ. 8-10 ಹೇಂಟೆಗೆ ಒಂದು ಹುಂಜ ಸಾಕು. ಉಳಿದವು ಕಾಳು ತಿಂದು ಜಗಳ ಕಾಯುತ್ತವೆ. ವ್ಯಾಪಾರಿ ಕೈಯಲ್ಲೇ ತೂಗಿ ಹೇಳಿದ ದರಕ್ಕೆ ಕೊಟ್ಟುಬಿಡುತ್ತೇವೆ. ಭಾನುವಾರ ಅದೇ ದುಡ್ಡು ಹಿಡಿದು ಪೇಟೆಗೆ ಹೋಗಿ 6 ವಾರದ ಬ್ರಾಯ್ಲರ್ ತರುತ್ತೇವೆ. ಇದೆಂಥ ಲೆಕ್ಕ?

'ನಾಟಿ ಕೋಳಿ ಗಟ್ಟಿ, ಬೇಯಲ್ಲ' ಅಂತ ನೆಪ. ವರ್ಷ ದಾಟಿದ್ದು ಗಟ್ಟಿಯೇ, ಅದು ಸಾರಿಗೆ. 4-5 ತಿಂಗಳ ಹುಂಜ ಹಾಗಲ್ಲ, ಇಡಿಯಾಗಿ ರೋಸ್ಟ್ ಮಾಡಲು ಅದೇ ಸರಿ. ಓವನ್ ಬೇಡ. ಉಪ್ಪು, ಕಾಳುಮೆಣಸು, ಅರಸಿನ, ಬೆಳ್ಳುಳ್ಳಿ ಅರೆದು, ನಿಂಬೆರಸ ಸೇರಿಸಿ ಒಳಗೂ ಹೊರಗೂ ಸವರಿ ಒಂದು ಗಂಟೆ ಬಿಡಿ. ದಪ್ಪ ತಳದ ಪಾತ್ರೆಗೆ ಸ್ವಲ್ಪ ಎಣ್ಣೆ, ನೀರುಳ್ಳಿ ಹೋಳು, ಅರ್ಧ ಲೋಟ ನೀರು. ಅದರ ಮೇಲೆ ಕೋಳಿ. ಮುಚ್ಚಿ ಸಣ್ಣ ಉರಿಯಲ್ಲಿ ಒಂದು ಗಂಟೆ ಬೇಯಲಿ. ನೀರು ಆರಿದರೆ ಚೂರು ಸೇರಿಸಿ. ಕೊನೆಗೆ ಕಾಲು ಗಂಟೆ ಮುಚ್ಚಳದ ಮೇಲೆ ಕೆಂಡ ಹರವಿದರೆ ಮೇಲೂ ಕೆಂಪಗಾಗುತ್ತದೆ. ತೊಡೆಗೆ ಕಡ್ಡಿ ಚುಚ್ಚಿದಾಗ ಬರುವ ರಸ ತಿಳಿಯಾಗಿರಬೇಕು. ಕೆಂಪಿದ್ದರೆ ಇನ್ನೂ ಬೇಯಬೇಕು.

ಮೆಣಸು, ಅರಸಿನ, ನಿಂಬೆ ತೋಟದ್ದೇ. ಕತ್ತು, ಬೆನ್ನು, ಎಲುಬು ತೆಗೆದಿಟ್ಟು ಕುದಿಸಿದರೆ ಮರುದಿನಕ್ಕೆ ಸಾರು. ಒಂದೇ ಹುಂಜ, 4 ಮಂದಿಗೆ ಎರಡು ಊಟ.

ಮಾರಲೇಬೇಡಿ ಅನ್ನುತ್ತಿಲ್ಲ. ಮಾರುವುದಿದ್ದರೆ ತಕ್ಕಡಿ ಇಟ್ಟು ಮಾರಿ. ತಿಂಗಳಿಗೆ ಒಂದಾದರೂ ಮನೆಯವರಿಗೆ ಇರಲಿ. ಸಾಕಿದವರೇ ರುಚಿ ನೋಡದಿದ್ದರೆ ಸಾಕಿದ್ದು ಯಾರಿಗೆ ಮಾರಾಯ್ರೇ?