ಸರಕು ಬಂದ ದಿನ ಯಾವುದು?

2025ರ ಮಾರ್ಚ್ ಮಧ್ಯದಲ್ಲಿ ನಮಗೆ ರಟ್ಟಿನ ಪೆಟ್ಟಿಗೆ ಮಾಡಿಕೊಡುವ ಹಿರಿಯರೊಬ್ಬರು ಆಫೀಸಿಗೆ ಫೋನ್ ಮಾಡಿದರು. "ನಮ್ಮ ಬಿಲ್ ಯಾವಾಗ ಪಾಸಾಗುತ್ತದೆ ಮಾರಾಯ್ರೆ? ಹಳೇ ಬಾಕಿ ಕಟ್ಟದೆ ರೋಲ್ ಕೊಡುವುದಿಲ್ಲ ಅಂತ ಕಾಗದದ ಮಿಲ್ಲಿನವರು ಕೂತಿದ್ದಾರೆ." ನಾನು ಕಂಪ್ಯೂಟರ್ ನೋಡಿ, "ಇನ್ನೂ ಟೈಮ್ ಉಂಟು ಸರ್, ಏಪ್ರಿಲ್ 14ಕ್ಕೆ ಡ್ಯೂ ತೋರಿಸ್ತಾ ಉಂಟು" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಆಯ್ತು" ಎಂದು ಫೋನ್ ಇಟ್ಟರು. ನಾನು ಸುಳ್ಳು ಹೇಳಿರಲಿಲ್ಲ, ಪರದೆಯ ಮೇಲೆ ಇದ್ದದ್ದನ್ನೇ ಓದಿದ್ದೆ. ಆದರೆ ಆ ದುಡ್ಡು ಕೊಡಬೇಕಾಗಿದ್ದದ್ದು ಮಾರ್ಚ್ 6ಕ್ಕೇ ಎಂಬುದು ನನಗೆ ತಿಳಿದದ್ದು ಲೆಕ್ಕ ಪರಿಶೋಧಕರು ಬಂದು ಕುಳಿತ ಮೇಲೆ.

ನಾನು ಎರ್ಮಾಳಿನವಳು. ಬಿಕಾಂ ಮುಗಿಸಿ ಕಾರ್ಕಳ ಕಡೆಯ ಒಂದು ಗೇರುಬೀಜ ಕಾರ್ಖಾನೆಯ ಅಕೌಂಟ್ಸ್ ವಿಭಾಗಕ್ಕೆ ಸೇರಿದವಳು. ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ನಂದಿಕೂರು, ಬೆಳ್ಮಣ್, ನಿಟ್ಟೆ ದಾಟಿ ದಿನಾ ಹೋಗಿ ಬರುತ್ತೇನೆ. ಪೆಟ್ಟಿಗೆಯ ಕಥೆ ಸಣ್ಣದು, ಆದರೆ ಓದು ಮುಗಿಸಿ ಕಂಪನಿಗಳ ಬಾಗಿಲು ತಟ್ಟುತ್ತಿರುವ ನಮ್ಮಂಥವರು ತಿಳಿದಿರಬೇಕಾದ ಒಂದು ವಿಷಯ ಅದರೊಳಗಿದೆ.

ನಡೆದದ್ದು ಇಷ್ಟು. ಪೆಟ್ಟಿಗೆಗಳ ಲಾರಿ ಕಾರ್ಖಾನೆಯ ಗೇಟು ದಾಟಿದ್ದು ಜನವರಿ 20ರಂದು. ಅದು ಸೆಕ್ಯುರಿಟಿಯವರ ಪುಸ್ತಕದಲ್ಲಿದೆ. ಸ್ಟೋರ್‌ನವರು ಎಣಿಸಿ, ಸರಿ ಇದೆ ಎಂದು ಅವತ್ತೇ ಇಳಿಸಿಕೊಂಡರು. ಆದರೆ ಸರಕು ಸ್ವೀಕರಿಸಿದ ಚೀಟಿಯನ್ನು, ಅಂದರೆ ಜಿಆರ್‌ಎನ್ ಅನ್ನು, ಕಂಪ್ಯೂಟರಿಗೆ ಹಾಕಿದ್ದು ಫೆಬ್ರವರಿ 12ಕ್ಕೆ. ಇಡೀ ಸ್ಟೋರ್‌ಗೆ ಇದ್ದದ್ದು ಒಂದೇ ಲಾಗಿನ್, ಆಗ ಬೀಜದ ಲೋಡುಗಳ ಗಲಾಟೆ. ಚೀಟಿಯೊಂದಿಗೆ ಬಿಲ್ ನನ್ನ ಮೇಜಿಗೆ ಬಂದದ್ದು ಫೆಬ್ರವರಿ 28ಕ್ಕೆ. ನಾನು ಅದೇ ದಿನ ದಾಖಲಿಸಿದೆ, ಸಾಫ್ಟ್‌ವೇರ್ ಅಲ್ಲಿಂದ 45 ದಿನ ಎಣಿಸಿತು.

ಕಾನೂನು ಹಾಗೆ ಎಣಿಸುವುದಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ, ಲಿಖಿತ ಒಪ್ಪಂದ ಇದ್ದರೆ ಅದರಲ್ಲಿ ಹೇಳಿದ ದಿನದೊಳಗೆ (ಅದೂ 45 ದಿನ ಮೀರುವಂತಿಲ್ಲ), ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ಎಣಿಕೆ ಶುರುವಾಗುವುದು ಸರಕನ್ನು ಒಪ್ಪಿಕೊಂಡ ದಿನದಿಂದ. ನಮ್ಮ ಒಪ್ಪಂದದಲ್ಲಿ 45 ದಿನ ಇತ್ತು, ಜನವರಿ 20ರಿಂದ ಎಣಿಸಿದರೆ ಮಾರ್ಚ್ 6. ಹಿಂದೆಲ್ಲ ತಡವಾದರೆ ಕೇಳುವವರು ಕಡಿಮೆ. ಆದರೆ ಆದಾಯ ತೆರಿಗೆಯ 43ಬಿ(ಎಚ್) ಎಂಬ ಕಲಂ 2023–24ರ ಲೆಕ್ಕದಿಂದ ಅನ್ವಯವಾಯಿತು. ಗಡುವು ಮೀರಿದ ಬಾಕಿ ಮಾರ್ಚ್ 31ಕ್ಕೂ ಉಳಿದರೆ ಆ ಖರ್ಚನ್ನು ಆ ವರ್ಷ ಖರ್ಚು ಎಂದೇ ತೋರಿಸುವಂತಿಲ್ಲ. ಹಣ ಕೊಟ್ಟ ವರ್ಷದಲ್ಲಷ್ಟೇ ಅದು ಖರ್ಚು. ಬಿಲ್ 3.8 ಲಕ್ಷ ರೂ.ಗಳದ್ದು. ಶೇ. 30ರ ಲೆಕ್ಕದಲ್ಲಿ 1.14 ಲಕ್ಷ ರೂ. ತೆರಿಗೆ ಆ ವರ್ಷ ಸುಮ್ಮನೆ ಮೇಲೆ ಬಿತ್ತು. ಮುಂದಿನ ವರ್ಷ ಅದು ಕಳೆದುಹೋಗುತ್ತದೆ ನಿಜ, ಆದರೆ ಬ್ಯಾಂಕಿನ ಸಾಲದಲ್ಲಿ ನಡೆಯುವ ಕಾರ್ಖಾನೆಗೆ ಒಂದು ವರ್ಷ ಸಣ್ಣ ಅವಧಿಯಲ್ಲ.

ತೆರಿಗೆಗಿಂತ ನನಗೆ ಹೆಚ್ಚು ಚುಚ್ಚಿದ್ದು ಇನ್ನೊಂದು. ರೋಲ್ ಸಿಗದೆ ಅವರ ಮುಂದಿನ ಲೋಡ್ ತಡವಾಯಿತು. ಪೆಟ್ಟಿಗೆಯಿಲ್ಲದೆ ನಮ್ಮ ಪ್ಯಾಕಿಂಗ್ ಎರಡು ದಿನ ನಿಂತಿತು. ಅಲ್ಲಿನ ಹೆಂಗಸರಿಗೆ ಮಾಡಿದ ಕೆಲಸದ ಲೆಕ್ಕದಲ್ಲಿ ಕೂಲಿ, ಬುತ್ತಿ ಹಿಡಿದುಕೊಂಡು ಬಂದವರು ಹಾಗೆಯೇ ವಾಪಸು ಹೋದರು. ಅವರಲ್ಲಿ ಇಬ್ಬರು ನನ್ನದೇ ಬಸ್ಸಿನವರು. ನಾನು ಅವರಿಗೆ ಏನೂ ಹೇಳಲಿಲ್ಲ.

ಆಮೇಲೆ ಒಂದು ಮೀಟಿಂಗ್ ಆಯಿತು. ಸ್ಟೋರ್‌ನವರು "ಮಾಲು ಬಂದ ದಿನ ನಾವು ಗೇಟ್ ಪುಸ್ತಕದಲ್ಲಿ ಬರೆದಿದ್ದೇವೆ, ನೋಡ್ಲಿಕ್ಕೆ ಯಾರಿಗೂ ಪುರುಸೊತ್ತಿಲ್ಲ" ಅಂದರು. ಐಟಿ ನೋಡಿಕೊಳ್ಳುವ ಹುಡುಗ "ಬಿಲ್ ತಾರೀಕಿನಿಂದ ಲೆಕ್ಕ ಹಾಕು ಅಂತ ನೀವೇ ಹೇಳಿದ್ದು" ಅಂದ. ನಾನು "ನನ್ನ ಹತ್ತಿರ ಬಂದ ದಿನವೇ ಎಂಟ್ರಿ ಮಾಡಿದ್ದೇನೆ" ಅಂದೆ. ಮೂವರೂ ಹೇಳಿದ್ದು ಸರಿಯೇ. ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಉದ್ಯಮ್ ನೋಂದಣಿ ಸಂಖ್ಯೆ ಅಚ್ಚಾಗಿತ್ತು, ಅದನ್ನು ಗಮನಿಸದಿದ್ದದ್ದು ಮಾತ್ರ ನನ್ನದೇ ತಪ್ಪು. ಗಮನಿಸಿದ್ದರೂ ಅದನ್ನು ತುಂಬಲು ನಮ್ಮ ಪೂರೈಕೆದಾರರ ಪಟ್ಟಿಯಲ್ಲಿ ಜಾಗ ಇರಲಿಲ್ಲ.

ಕಂಪನಿಗಳಲ್ಲಿ ಇದಕ್ಕೆ 'ಅಲೈನ್‌ಮೆಂಟ್' ಎಂಬ ಮಾತಿದೆ. ಪೂರೈಕೆ ಸರಪಳಿ, ಹಣಕಾಸು, ಐಟಿ ಈ ಮೂರೂ ಒಂದೇ ದಿಕ್ಕಿಗೆ ನಡೆಯಬೇಕು ಅಂತ. ನಮ್ಮೂರಲ್ಲಿ ಅಲೈನ್‌ಮೆಂಟ್ ಅಂದರೆ ಹೆದ್ದಾರಿ ಬದಿಯ ಟಯರ್ ಅಂಗಡಿಯಲ್ಲಿ ಮಾಡಿಸುವ ಕೆಲಸ. ಚಕ್ರ ಒಂದು ಕಡೆ ಎಳೆಯುತ್ತಿದೆ ಎಂದು ಡ್ರೈವರನಿಗೆ ಕೈಯಲ್ಲೇ ಗೊತ್ತಾಗುತ್ತದೆ. ಕಾರ್ಖಾನೆಯಲ್ಲಿ ಹಾಗೆ ಗೊತ್ತಾಗುವುದಿಲ್ಲ.

ದೊಡ್ಡ ಸಾಫ್ಟ್‌ವೇರ್ ತಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀಸ್ 1999ರ ಜುಲೈಯಲ್ಲಿ ಇಂಥದ್ದೇ ಹೊಸ ವ್ಯವಸ್ಥೆಯನ್ನು ಒಂದೇ ಏಟಿಗೆ ಚಾಲೂ ಮಾಡಿತು. ಎದುರಿಗೆ ಹ್ಯಾಲೊವೀನ್ ಹಬ್ಬ, ನಮಗೆ ದೀಪಾವಳಿ ಇದ್ದ ಹಾಗೆ. ಸುಮಾರು 10 ಕೋಟಿ ಡಾಲರಿನ ಆರ್ಡರುಗಳನ್ನು ಅದಕ್ಕೆ ಪೂರೈಸಲಾಗಲಿಲ್ಲ. ಚಾಕೊಲೇಟ್ ಇರಲಿಲ್ಲವೆಂದಲ್ಲ, ಗೋದಾಮಿನಲ್ಲಿ ಇತ್ತು. ರಶ್ಶಿನ ಕಾಲದಲ್ಲಿ ತಾತ್ಕಾಲಿಕವಾಗಿ ಮಾಲು ಇಡುತ್ತಿದ್ದ ಜಾಗಗಳು ಹೊಸ ಕಂಪ್ಯೂಟರಿಗೆ ಗೊತ್ತೇ ಇರಲಿಲ್ಲ ಎಂಬುದು ಕಾರಣಗಳಲ್ಲೊಂದು. ಗೋದಾಮಿನಲ್ಲಿ ಕೆಲಸ ಮಾಡುವವರಿಗೆ ಗೊತ್ತಿದ್ದ ಸಂಗತಿ ಅದು. ಅಷ್ಟು ದೊಡ್ಡ ಕಂಪನಿಯ ಕಥೆ ಓದಿದಾಗ ನನಗೆ ನೆನಪಾದದ್ದು ನಮ್ಮ ಗೇಟ್ ಪುಸ್ತಕ.

ನಮ್ಮ ಗೇರುಬೀಜದ ವ್ಯವಹಾರವನ್ನೇ ನೋಡಿ. ಊರಿನ ಬೀಜ ಸಾಕಾಗುವುದಿಲ್ಲ, ಐವರಿ ಕೋಸ್ಟ್, ತಾಂಜಾನಿಯಾದಿಂದ ಹಡಗಿನಲ್ಲಿ ಬರುತ್ತದೆ. ಖರೀದಿಯವರು 100 ಟನ್ ಎನ್ನುತ್ತಾರೆ, ಅದು ಹಡಗಿನ ಕಾಗದದ ತೂಕ. ಅಂಗಳದಲ್ಲಿ ಒಣಗಿದ ಮೇಲೆ ಸ್ಟೋರ್‌ನಲ್ಲಿ ಅದು ಕಡಿಮೆಯಾಗಿರುತ್ತದೆ. ಬೇಯಿಸಿ, ಕತ್ತರಿಸಿ, ಬೋರ್ಮಾದಲ್ಲಿ ಒಣಗಿಸಿ, ಸಿಪ್ಪೆ ತೆಗೆದು, ವಿಂಗಡಿಸುವ ಪ್ರತಿ ಹಂತದಲ್ಲೂ ತೂಕ ಬೇರೆ, ಬೆಲೆ ಬೇರೆ. ಕೊಳ್ಳುವಾಗ 80 ಕಿಲೋ ಚೀಲಕ್ಕೆ ಎಷ್ಟು ಪೌಂಡ್ ತಿರುಳು ಎಂಬ ಲೆಕ್ಕ. ಮಾರುವಾಗ ಡಬ್ಲ್ಯೂ-180, 240, 320 ಎಂದು ಪೌಂಡಿಗೆ ಎಷ್ಟು ಬೀಜ ಎಂಬ ಲೆಕ್ಕ. "ಸ್ಟಾಕ್ ಎಷ್ಟಿದೆ?" ಎಂಬ ಒಂದೇ ಪ್ರಶ್ನೆಗೆ ಮೂರು ಮೇಜಿನಿಂದ ಮೂರು ಉತ್ತರ ಬಂದರೆ ಯಾರೋ ಕದಿಯುತ್ತಿದ್ದಾರೆ ಎಂದು ಗಾಬರಿಯಾಗಬೇಕಿಲ್ಲ. ಯಾವ ಸ್ಟಾಕ್ ಎಂದು ಯಾರೂ ಕೇಳಿಲ್ಲ, ಅಷ್ಟೆ.

ಇದರ ಮೇಲೆ ಹೊಗಳಿಕೆಯ ಲೆಕ್ಕ. ಕಡಿಮೆ ಬೆಲೆಗೆ ತಂದರೆ ಖರೀದಿಯವರಿಗೆ ಶಹಬ್ಬಾಸ್. ಬಡ್ಡಿ ಉಳಿಸಿದರೆ ಅಕೌಂಟ್ಸ್‌ನವರಿಗೆ. ದೂರು ಬರದಿದ್ದರೆ ಐಟಿಯವರಿಗೆ. ಸುಲಭಕ್ಕೆ ಹೀಗೆ ಎಣಿಸಿ: ಕಿಲೋಗೆ 100 ರೂ.ಯಂತೆ 100 ಟನ್ ಬೀಜವನ್ನು, 3 ರೂ. ಅಗ್ಗ ಎಂದು, ಆರು ತಿಂಗಳು ಮೊದಲೇ ಕೊಂಡರೆ ಖರೀದಿಯವರು 3 ಲಕ್ಷ ಉಳಿಸಿದರು. ಆ ಒಂದು ಕೋಟಿ ಸುಮಾರಿಗೆ ಶೇ. 10ರ ಬಡ್ಡಿಯಲ್ಲಿ ಆರು ತಿಂಗಳು ಕೂತರೆ 5 ಲಕ್ಷ ಹೋಯಿತು. ಬೆಲೆ ಏರಿದರೆ ಖರೀದಿಯವರೇ ಜಾಣರಾಗುತ್ತಾರೆ, ಅದೂ ಉಂಟು. ಆದರೆ ಎರಡೂ ಅಂಕಿಗಳು ಒಂದೇ ಕಾಗದದಲ್ಲಿ ಒಬ್ಬರ ಕಣ್ಣಿಗೆ ಬೀಳದಿದ್ದರೆ ಜಾಣತನ ಯಾವುದು, ಅದೃಷ್ಟ ಯಾವುದು ಎಂದು ಹೇಳುವವರಿಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದು: ಹೊರಗೆ ಹೋಗುವ ಮಾಲಿನಲ್ಲಿ ನಮ್ಮ ಮೂರೂ ವಿಭಾಗಗಳು ಎಂದೂ ಜಗಳವಾಡಿದ್ದಿಲ್ಲ. 50 ಸಾವಿರ ರೂ. ಮೀರಿದ ಸರಕಿಗೆ ಇ-ವೇ ಬಿಲ್ ಬೇಕು. 2018ರ ಏಪ್ರಿಲ್ 1ರಿಂದ ಇದು ದೇಶದಲ್ಲಿ ಜಾರಿಗೆ ಬಂದಾಗ ರಾಜ್ಯದೊಳಗಿನ ಸಾಗಣೆಗೂ ಅಂದೇ ಶುರು ಮಾಡಿದ್ದು ಕರ್ನಾಟಕ. ತೂಕ, ಇನ್‌ವಾಯ್ಸ್, ಲಾರಿ ನಂಬರ್ ಎಲ್ಲ ಕೂಡಿದರೆ ಮಾತ್ರ ಆ ಬಿಲ್ ಬರುತ್ತದೆ. ಲಾರಿ ಗೇಟಿನಲ್ಲಿ ನಿಂತು ಡ್ರೈವರ್ ಹಾರ್ನ್ ಹೊಡೆಯುತ್ತಿದ್ದರೆ ಸ್ಟೋರ್, ಅಕೌಂಟ್ಸ್, ಐಟಿ ಐದು ನಿಮಿಷದಲ್ಲಿ ಒಂದಾಗುತ್ತವೆ. ಒಳಗೆ ಬರುವ ಮಾಲಿನಲ್ಲಿ ಹಾಗಾಗುವುದಿಲ್ಲ, ಯಾಕೆಂದರೆ ಅಲ್ಲಿ ಕಾಯುತ್ತಿರುವುದು ಆರು ಮಂದಿ ಕೆಲಸದವರ ಒಂದು ಪೆಟ್ಟಿಗೆಯ ಘಟಕ. ಅವರು ಹಾರ್ನ್ ಹೊಡೆಯುವುದಿಲ್ಲ, ಫೋನ್ ಮಾಡಿ "ಆಯ್ತು" ಎನ್ನುತ್ತಾರೆ. ಆದ್ದರಿಂದ ವಿಭಾಗಗಳ ಹೊಂದಾಣಿಕೆ ಬರೀ ತಂತ್ರಜ್ಞಾನದ ವಿಷಯ ಎಂದರೆ ನಾನು ಒಪ್ಪುವುದಿಲ್ಲ. ಯಾರು ಕಾಯುತ್ತಿದ್ದಾರೆ, ಅವರ ಮಾತಿಗೆ ಎಷ್ಟು ತೂಕ ಎಂಬುದರ ಮೇಲೆ ಅದು ನಿಂತಿದೆ.

ನಮ್ಮ ಜಿಲ್ಲೆಗೆ ಇದು ಹೊಸತಾಗಬಾರದಿತ್ತು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಕಟ್ಟಿದ ಸಂಸ್ಥೆ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದೇ ಹುಟ್ಟಿದ್ದು. 1928ರ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳಲು ಏಜೆಂಟರು ಮನೆ ಬಾಗಿಲಿಗೆ ನಡೆದು ಹೋಗುತ್ತಿದ್ದರು. ಹಣದ ಲೆಕ್ಕ ಬರೆಯುವವರಿಗೆ ಹಣ ಕೊಡುವವರ ಮುಖ ಗೊತ್ತಿತ್ತು. ನಾನು ಕೆಲಸಕ್ಕೆ ಸೇರಿ ಎಂಟು ತಿಂಗಳು ನಮ್ಮದೇ ಸ್ಟೋರ್‌ಗೆ ಕಾಲಿಟ್ಟಿರಲಿಲ್ಲ. ಅದು ನನ್ನ ಕುರ್ಚಿಯಿಂದ ನೂರು ಹೆಜ್ಜೆ.

ಈಗ ನಮ್ಮಲ್ಲಿ ಪ್ರತಿ ಮಂಗಳವಾರ ಅರ್ಧ ಗಂಟೆ ಮೂವರೂ ಒಂದೇ ಮೇಜಿನಲ್ಲಿ ಕೂರುತ್ತೇವೆ. ಹೊಸ ಸಾಫ್ಟ್‌ವೇರ್ ಏನೂ ಬಂದಿಲ್ಲ. 'ಬಂದ ದಿನ' ಅಂದರೆ ಗೇಟ್ ಪುಸ್ತಕದ ದಿನ ಎಂದು ಬರೆದು ಸಹಿ ಹಾಕಿದ್ದೇವೆ. ಪೂರೈಕೆದಾರರ ಪಟ್ಟಿಗೆ ಉದ್ಯಮ್ ಸಂಖ್ಯೆಯ ಕಾಲಂ ಸೇರಿದೆ, ಐಟಿಯ ಹುಡುಗ ಅದನ್ನು ಒಂದು ಮಧ್ಯಾಹ್ನದಲ್ಲಿ ಮಾಡಿದ. ಸ್ಟೋರ್‌ಗೆ ಎರಡನೇ ಲಾಗಿನ್ ಸಿಗಲು ಮಾತ್ರ ಮೂರು ತಿಂಗಳು ಬೇಕಾಯಿತು, ಅದಕ್ಕೆ ದುಡ್ಡು ಖರ್ಚಾಗುತ್ತದೆ ನೋಡಿ. ಪಟ್ಟಿಯಲ್ಲಿ ತಪ್ಪಿದ್ದರೆ ತಿದ್ದುವ ಅಧಿಕಾರ ಯಾರದು ಎಂಬ ಜಗಳ ಇನ್ನೂ ಮುಗಿದಿಲ್ಲ.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು. ಬೆಳಗ್ಗಿನ ನನ್ನ ಬಸ್ಸಿನಲ್ಲಿ ಬಿಕಾಂ, ಬಿಸಿಎ, ಎಂಬಿಎ, ಇಂಜಿನಿಯರಿಂಗ್ ಎಲ್ಲರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತಿರುತ್ತಾರೆ. ಕಾಲೇಜಿನ ಗೇಟಿನಲ್ಲಿ ಇಳಿದರೆ ಬೇರೆ ಬೇರೆ ಕಟ್ಟಡ, ಮುಂದೆ ಬೇರೆ ಬೇರೆ ವಿಭಾಗ. ನನಗೆ ಮೂರು ವರ್ಷ ಡೆಬಿಟ್, ಕ್ರೆಡಿಟ್ ಕಲಿಸಿದರು, ಒಂದು ಜಿಆರ್‌ಎನ್ ತೋರಿಸಲಿಲ್ಲ. ನಮ್ಮ ಐಟಿಯ ಹುಡುಗ ಇನ್‌ವಾಯ್ಸ್ ಅನ್ನು ಮೊದಲು ನೋಡಿದ್ದೇ ಕೆಲಸಕ್ಕೆ ಬಂದ ಮೇಲೆ. ಪ್ರಾಜೆಕ್ಟ್ ಮಾಡುವಾಗ ಇನ್ನೊಂದು ವಿಭಾಗದ ಒಬ್ಬರನ್ನು ಜತೆಗೆ ಸೇರಿಸಿಕೊಂಡು, ಊರಿನ ಯಾವುದಾದರೂ ಸಣ್ಣ ಘಟಕಕ್ಕೆ ಹೋಗಿ ಒಂದೇ ಒಂದು ಬಿಲ್ಲಿನ ಹಿಂದೆ ಗೇಟಿನಿಂದ ಬ್ಯಾಂಕಿನವರೆಗೆ ನಡೆದು ನೋಡಿ. ಸಂದರ್ಶನದಲ್ಲಿ "ನಿಮ್ಮಲ್ಲಿ ಬಿಲ್ಲಿನ ದಿನ ಎಲ್ಲಿಂದ ಎಣಿಸುತ್ತೀರಿ?" ಎಂದು ನೀವೇ ಕೇಳಿ. ಉತ್ತರ ಹೇಳಲು ಅವರು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ನೋಡಿದರೆ ಆ ಕಂಪನಿಯ ಬಗ್ಗೆ ಸುಮಾರು ಗೊತ್ತಾಗುತ್ತದೆ.

ಮೊನ್ನೆ ಪೆಟ್ಟಿಗೆಯ ಲೋಡ್ ಬಂದಾಗ ಹಿರಿಯರೂ ಲಾರಿಯ ಜತೆ ಬಂದಿದ್ದರು. ನಾನು ಗೇಟಿನ ಹತ್ತಿರವೇ ಇದ್ದೆ. "ಈ ಸಲ ಯಾವ ತಾರೀಕು ಬರೀತೀರಿ?" ಎಂದು ನಗುತ್ತ ಕೇಳಿದರು. ನಾನು ಗೇಟ್ ಪುಸ್ತಕವನ್ನು ಅವರ ಕಡೆಗೆ ತಿರುಗಿಸಿದೆ. ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಎರಡು ಸಲ ಓದಿದರು.