ನೆಗಡಿ ಬಂತೆಂದು ಮೂಗು ಕೊಯ್ಯಬೇಕೆ?

ಮುಂಬಯಿಯ ಹಳೆಯ ಹೌಸಿಂಗ್ ಸೊಸೈಟಿಗಳ ಕಾಂಪೌಂಡಿನಲ್ಲಿ ತಾಡಪಾಲು ಹೊದ್ದು ನಿಂತ ಪ್ರೀಮಿಯರ್ ಪದ್ಮಿನಿಗಳನ್ನು ಈಗಲೂ ಅಲ್ಲೊಂದು ಇಲ್ಲೊಂದು ಕಾಣಬಹುದು. ಊರು ಬಿಟ್ಟು ಬಂದ ನಮ್ಮ ಹಿರಿಯರು ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟ ಹಣದಲ್ಲಿ, ಬುಕಿಂಗ್ ಮಾಡಿ ವರ್ಷಗಟ್ಟಲೆ ಕಾದು ಕೊಂಡ ಗಾಡಿಗಳು ಅವು. ಮೇ ತಿಂಗಳ ರಜೆಯಲ್ಲಿ ಇಡೀ ಸಂಸಾರವನ್ನು ಹೊತ್ತು, ಖಂಬಾಟ್ಕಿ ಘಾಟಿನಲ್ಲಿ ಏದುಸಿರು ಬಿಟ್ಟು, ಕೊಲ್ಹಾಪುರ, ಬೆಳಗಾವಿ ದಾಟಿ ಊರು ಮುಟ್ಟಿಸಿದವು.

ಇಂಥ ಗಾಡಿಯನ್ನು ಮತ್ತೆ ರಸ್ತೆಗೆ ತರಬೇಕೆಂಬ ಹುಮ್ಮಸ್ಸು ಈಚೆಗೆ ನಮ್ಮ ಯುವಕರಲ್ಲಿ ಮೂಡಿರುವುದು ಸಂತೋಷದ ಸಂಗತಿ. ಆದರೆ ಗ್ಯಾರೇಜಿಗೆ ಹೋದೊಡನೆ ಕೇಳುವ ಮೊದಲ ಮಾತು ಒಂದೇ: "ಕಾರ್ಬ್ಯುರೇಟರ್ ಖತಮ್ ಹೈ ಸಾಬ್, ನಯಾ ಡಾಲ್ ದೋ." ನಾವು ತಲೆಯಾಡಿಸುತ್ತೇವೆ. ಮೂವತ್ತು ನಲವತ್ತು ವರ್ಷ ದುಡಿದ ಸೋಲೆಕ್ಸ್ ಕಾರ್ಬ್ಯುರೇಟರ್ ಗುಜರಿಯ ಬುಟ್ಟಿ ಸೇರುತ್ತದೆ. ಅದರ ಜಾಗಕ್ಕೆ ಡ್ಯೂಪ್ಲಿಕೇಟ್ ಮಾಲೊಂದೋ ಬೇರೆ ಕಾರಿನ ಕಾರ್ಬ್ಯುರೇಟರೋ ಬಂದು ಕೂರುತ್ತದೆ. ಇದು ಮೂರ್ಖತನ ಎಂದು ನಾವು ಸ್ಪಷ್ಟವಾಗಿಯೇ ಹೇಳಬಯಸುತ್ತೇವೆ.

ಕಾರ್ಬ್ಯುರೇಟರ್ ಅಂದರೇನು? ಎಂಜಿನ್ ಎಳೆದುಕೊಳ್ಳುವ ಗಾಳಿ ಒಂದು ಇಕ್ಕಟ್ಟಾದ ಕೊರಳಿನಲ್ಲಿ ಹಾಯುವಾಗ ಅಲ್ಲಿ ಒತ್ತಡ ಕಡಿಮೆಯಾಗಿ, ಪಕ್ಕದ ಫ್ಲೋಟ್ ತೊಟ್ಟಿಯ ಪೆಟ್ರೋಲನ್ನು ಸಣ್ಣ ತೂತಿನ ಮೂಲಕ ಸೆಳೆದುಕೊಳ್ಳುತ್ತದೆ. ಆ ತೂತೇ ಜೆಟ್. ಸೋಲೆಕ್ಸಿನ ಜೆಟ್ಟಿನ ಮೇಲೆ 120 ಎಂದು ಕೊರೆದಿದ್ದರೆ ತೂತಿನ ಅಗಲ 1.20 ಮಿಲಿಮೀಟರ್ ಎಂದರ್ಥ. ಮಿಲಿಮೀಟರಿನ ನೂರನೆಯ ಒಂದು ಪಾಲಿಗೂ ಇಲ್ಲಿ ಲೆಕ್ಕವಿದೆ. ಕೊರಳಿನ ಅಗಲ, ಜೆಟ್ಟಿನ ತೂತು, ಫ್ಲೋಟಿನ ಎತ್ತರ ಇವೆಲ್ಲವನ್ನೂ ಆಯಾ ಎಂಜಿನ್ನಿನ ಹಸಿವಿಗೆ ತಕ್ಕಂತೆ ಕಾರ್ಖಾನೆಯವರು ಹೊಂದಿಸಿರುತ್ತಾರೆ. ಇದು ಯಾರ ತಲೆಗಾದರೂ ಹೊಂದುವ ಟೋಪಿಯಲ್ಲ.

ಇನ್ನು, ಕಾರ್ಬ್ಯುರೇಟರ್ ಸತ್ತಿದೆ ಎಂಬ ಮಾತು ಎಷ್ಟು ನಿಜ? ಸಿಗ್ನಲ್ಲಿನಲ್ಲಿ ನಿಂತಾಗ ಗಾಡಿ ಬಂದ್ ಬೀಳುವುದಕ್ಕೆ ಹತ್ತು ಕಾರಣಗಳಿರಬಹುದು. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಸವೆದಿರಬಹುದು, ಟೈಮಿಂಗ್ ತಪ್ಪಿರಬಹುದು, ಪ್ಲಗ್ಗಿಗೆ ಮಸಿ ಹಿಡಿದಿರಬಹುದು, ಪೆಟ್ರೋಲ್ ಪಂಪಿನ ಡಯಾಫ್ರಾಮ್ ಹರಿದಿರಬಹುದು, ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನಲ್ಲಿ ಗಾಳಿ ನುಸುಳುತ್ತಿರಬಹುದು. ಇವನ್ನು ಒಂದೊಂದಾಗಿ ನೋಡುವುದಕ್ಕೆ ಅರ್ಧ ದಿನ ಬೇಕು, ತಾಳ್ಮೆ ಬೇಕು. ಕಾರ್ಬ್ಯುರೇಟರ್ ಬಿಚ್ಚಿ ಬೇರೆಯದನ್ನು ಕೂರಿಸಲು ಒಂದು ಗಂಟೆ ಸಾಕು. ಮಾಲಿನ ಮೇಲೆ ಲಾಭವೂ ಉಂಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ನಮ್ಮ ಮನೆಯ ಗಾಡಿಗೂ ಇದೇ ಗತಿಯಾಯಿತು. ಒಂದು ಗ್ಯಾರೇಜಿನವರ ಮಾತು ನಂಬಿ ಹೊಳೆಹೊಳೆಯುವ ಡ್ಯೂಪ್ಲಿಕೇಟ್ ಹಾಕಿಸಿದೆವು. ಗಾಡಿ ಮೊದಲಿನಂತೆಯೇ ಸಿಗ್ನಲ್ಲಿಗೊಂದು ಸಲ ನಿಂತಿತು. ಜೊತೆಗೆ ಪೆಟ್ರೋಲ್ ವಾಸನೆ ಶುರುವಾಯಿತು. ಕಡೆಗೆ ವಯಸ್ಸಾದ ಮಿಸ್ತ್ರಿಯೊಬ್ಬರು ನೋಡಿ, ಸೋರುತ್ತಿದ್ದುದು ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಎಂದು ಅರ್ಧ ಗಂಟೆಯಲ್ಲಿ ಹೇಳಿದರು. ಪುಣ್ಯಕ್ಕೆ ಹಳೆಯ ಸೋಲೆಕ್ಸನ್ನು ನಾವು ಕೇಳಿ ಪಡೆದು, ಪೇಪರಿನಲ್ಲಿ ಸುತ್ತಿ ಮನೆಯಲ್ಲಿಟ್ಟಿದ್ದೆವು. ಅದರ ಥ್ರಾಟಲ್ ಸ್ಪಿಂಡಲ್ ಕೂತ ತೂತು ಸವೆದು ಅಗಲವಾಗಿತ್ತು. ಲೇತಿನಲ್ಲಿ ಹಿತ್ತಾಳೆಯ ಬುಷ್ ಮಾಡಿಸಿ ಕೂರಿಸಿದರು, ಸೊಟ್ಟಗಾಗಿದ್ದ ತಳವನ್ನು ಗಾಜಿನ ಹಲಗೆಯ ಮೇಲೆ ಎಮರಿ ಕಾಗದ ಹಾಸಿ ಉಜ್ಜಿ ಸಮ ಮಾಡಿದರು, ನೀಡಲ್ ವಾಲ್ವನ್ನೂ ಗ್ಯಾಸ್ಕೆಟ್ಟುಗಳನ್ನೂ ಹೊಸದಾಗಿ ಹಾಕಿದರು. ಅಷ್ಟೆ. ಗಾಡಿ ಇಂದಿಗೂ ಓಡುತ್ತಿದೆ. ಡ್ಯೂಪ್ಲಿಕೇಟಿಗೆ ಕೊಟ್ಟ ದುಡ್ಡು ನಮ್ಮ ದಡ್ಡತನದ ದಂಡ.

ಬೇರೆ ಕಾರಿನದನ್ನು ಹಾಕಿಸುವವರ ವಾದವನ್ನೂ ಕೇಳೋಣ. ಮಾರುತಿ 800ರ ಕಾರ್ಬ್ಯುರೇಟರ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಎನ್ನುತ್ತಾರೆ. ನಿಧಾನವಾಗಿ ಓಡಿಸುವಾಗ ಸ್ವಲ್ಪ ಉಳಿದರೂ ಉಳಿಯಬಹುದು, ಇಲ್ಲವೆನ್ನುವುದಿಲ್ಲ. ಆದರೆ ಮಾರುತಿಯದು ಮೂರು ಸಿಲಿಂಡರಿನ 796 ಸಿಸಿ ಎಂಜಿನ್, ಪದ್ಮಿನಿಯದು ನಾಲ್ಕು ಸಿಲಿಂಡರಿನ 1089 ಸಿಸಿ. ಮಗುವಿನ ಲೋಟದಲ್ಲಿ ಪೈಲ್ವಾನನಿಗೆ ಹಾಲು ಕೊಟ್ಟಂತೆ ಇದು. ಊರೊಳಗೆ ಹೇಗೋ ನಡೆದೀತು. ತುಂಬಿದ ಗಾಡಿ ಘಾಟ್ ಹತ್ತುವಾಗ ಉಸಿರು ಕಟ್ಟುತ್ತದೆ. ಪೆಟ್ರೋಲ್ ಸಾಲದ ಮಿಶ್ರಣದಲ್ಲಿ ಎಂಜಿನ್ ಕಾದು ವಾಲ್ವ್ ಸುಟ್ಟರೆ, ಉಳಿಸಿದ ಪೆಟ್ರೋಲಿನ ದುಡ್ಡು ಎಲ್ಲಿಗೆ ಬಂತು?

ಹಾಗೆಂದು ಒರಿಜಿನಲ್ ಎಂಬ ಮಡಿಯನ್ನು ಉಟ್ಟು ಕೂತವರ ಪಕ್ಷವನ್ನೂ ನಾವು ವಹಿಸುವುದಿಲ್ಲ. ಕಾರ್ಖಾನೆಯಿಂದ ಬಂದ ರಬ್ಬರ್ ಪೈಪನ್ನೂ ಬದಲಿಸಬಾರದು ಎನ್ನುವ ಮಹನೀಯರಿದ್ದಾರೆ. ಅವರು ಪಂಪಿನಲ್ಲಿ ಈಗ ಸಿಗುವುದೇನೆಂದು ನೋಡಬೇಕು. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್ 2023ರಲ್ಲಿ ಆಯ್ದ ಪಂಪುಗಳಲ್ಲಿ ಬಂದು, 2025ರ ಹೊತ್ತಿಗೆ ದೇಶದ ತುಂಬ ಹರಡಿತು. ಹಳೆಯ ಕಾಲದ ರಬ್ಬರನ್ನು ಎಥನಾಲ್ ಉಬ್ಬಿಸಿ ಬಿರಿಯಿಸುತ್ತದೆ. ಗಾಳಿಯ ತೇವವನ್ನು ಹೀರಿಕೊಂಡು ಕಾರ್ಬ್ಯುರೇಟರಿನ ಲೋಹಕ್ಕೆ ಬಿಳಿಯ ಪುಡಿ ಹಿಡಿಸುತ್ತದೆ. ಇನ್ನೊಂದು ಲೆಕ್ಕವೂ ಇದೆ. ತೂಕದಲ್ಲಿ ಒಂದು ಪಾಲು ಪೆಟ್ರೋಲ್ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು. ಎಥನಾಲಿಗೆ ಸುಮಾರು 9 ಪಾಲು ಸಾಕು. ಹಾಗಾಗಿ ಹಳೆಯ ಜೆಟ್ಟಿನಲ್ಲಿ ಈ ಪೆಟ್ರೋಲ್ ಹರಿದರೆ ಮಿಶ್ರಣ ತೆಳುವಾಗುತ್ತದೆ, ಜೆಟ್ಟನ್ನು ಒಂದು ಮೆಟ್ಟಿಲು ದೊಡ್ಡದು ಮಾಡಬೇಕಾಗಬಹುದು. ಎಥನಾಲ್ ತಾಳುವ ಪೈಪು, ಡಯಾಫ್ರಾಮ್ ಹಾಕಿಸಲೇಬೇಕು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ತೊಟ್ಟಿ ಬರಿದು ಮಾಡಬೇಕು. ದೇಹ ಹಳೆಯದಿರಲಿ, ಸವೆಯುವ ಕೊಳೆಯುವ ಭಾಗ ಹೊಸದಾಗಲಿ. ಅಜ್ಜನ ಕನ್ನಡಕಕ್ಕೆ ಹೊಸ ಗಾಜು ಹಾಕಿಸಿದರೆ ಕನ್ನಡಕ ಅಜ್ಜನದಲ್ಲವಾಗುತ್ತದೆಯೇ?

ಹೊಸ ಕಾರ್ಬ್ಯುರೇಟರ್ ಎಂದೂ ಬೇಡವೆಂಬುದು ನಮ್ಮ ಹಟವಲ್ಲ. ದೇಹವೇ ಸೀಳಿದ್ದರೆ, ಹಳೆಯದು ಕಳೆದೇ ಹೋಗಿದ್ದರೆ, ಆಗ ಹೊಸದು ಸರಿ. ಆಗಲೂ ಮೊದಲು ಅದೇ ಜಾತಿಯ ಇನ್ನೊಂದು ಹಳೆಯ ಸೋಲೆಕ್ಸ್ ಹುಡುಕಬೇಕು. ಮುಂಬಯಿಯವರಿಗೆ ಕುರ್ಲಾದ ಸಿ.ಎಸ್.ಟಿ. ರಸ್ತೆ ಮತ್ತು ಚೋರ್ ಬಜಾರ್, ಚೆನ್ನೈಯವರಿಗೆ ಪುದುಪೇಟೆ, ದೆಹಲಿಯವರಿಗೆ ಕಾಶ್ಮೀರಿ ಗೇಟ್ ಇವೆ. ಊರಿಗೆ ಹೋದಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿಯೂ ವಿಚಾರಿಸಬಹುದು. ಸಿಗದಿದ್ದರೆ ಮಾತ್ರ ಹೆಸರುಳ್ಳ ತಯಾರಕರ ಹೊಸ ಮಾಲು, ಅದೂ ನಿಮ್ಮ ಎಂಜಿನ್ನಿಗೆ ಜೆಟ್ ಹೊಂದಿಸಿಕೊಡಬಲ್ಲವರ ಕೈಯಿಂದ.

ಕಾನೂನಿನ ಮಾತೂ ಒಂದಿದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ ಐವತ್ತು ವರ್ಷ ದಾಟಿದ ಖಾಸಗಿ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ನಿತ್ಯದ ಓಡಾಟಕ್ಕೆ ಮಾತ್ರ ಅಂಥ ಗಾಡಿಯನ್ನು ಬಳಸುವಂತಿಲ್ಲ. ಗಾಡಿ ಮೂಲ ಸ್ವರೂಪದಲ್ಲಿರಬೇಕು, ಎಂಜಿನ್ನನ್ನು ಮಾರ್ಪಡಿಸಿರಬಾರದು ಎಂಬುದು ಅದರ ಷರತ್ತು. 1974ರಲ್ಲಿ ಪದ್ಮಿನಿ ಎಂಬ ಹೆಸರು ಹೊತ್ತು ಕುರ್ಲಾದ ಕಾರ್ಖಾನೆಯಿಂದ ಹೊರಬಿದ್ದ ಮೊದಲ ಗಾಡಿಗಳು ಈಗ ಐವತ್ತು ದಾಟಿವೆ. ಇಂದು ಕಿತ್ತೆಸೆದುದನ್ನು ನಾಳೆ ಅರ್ಜಿ ಬರೆಯುವಾಗ ಎಲ್ಲಿಂದ ತರುತ್ತೀರಿ?

ಕೊನೆಗೆ ನಮ್ಮನ್ನು ಹೆಚ್ಚು ಚುಚ್ಚುವ ಮಾತು. 2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ರಸ್ತೆಗಳಿಂದ ಪದ್ಮಿನಿ ಟ್ಯಾಕ್ಸಿ ಮರೆಯಾಯಿತು. ಕಪ್ಪು ಹಳದಿ ಬಣ್ಣದ ಸಾವಿರಾರು ಗಾಡಿಗಳು ಅನ್ನ ಕೊಟ್ಟಿದ್ದ ಮಿಸ್ತ್ರಿಗಳಿಗೆ ಕೆಲಸ ಇಲ್ಲವಾಯಿತು. ಕಿವಿಯಿಂದಲೇ ಎಂಜಿನ್ ಕೇಳಿ, ಸ್ಕ್ರೂ ಅರ್ಧ ಸುತ್ತು ತಿರುಗಿಸಿ ರೋಗ ಹೇಳುವ ಕೈಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಅವರ ವಿದ್ಯೆ ಉಳಿಯುವುದು ನಮ್ಮ ಹೊಗಳಿಕೆಯಿಂದಲ್ಲ, ನಾವು ಕೊಡುವ ಕೆಲಸದಿಂದ. ಗುಜರಿಗೆ ಹೋದ ಒಂದೊಂದು ಸೋಲೆಕ್ಸ್ ಜೊತೆಗೂ ಅವರ ಒಂದು ದಿನದ ಕೂಲಿ ಹೋಗುತ್ತದೆ. ಪಕ್ಕದಲ್ಲಿ ನಿಂತು ಆ ಕೆಲಸ ಕಲಿಯಬೇಕಾಗಿದ್ದ ಹುಡುಗನೂ ಬೇರೆ ದಾರಿ ಹಿಡಿಯುತ್ತಾನೆ.

ಆದ್ದರಿಂದ ಬಂಧುಗಳೇ, ಮುಂದಿನ ಸಲ ಗ್ಯಾರೇಜಿನಲ್ಲಿ "ಖತಮ್" ಎಂಬ ಮಾತು ಕೇಳಿದರೆ, ಏನು ಸವೆದಿದೆ, ಎಲ್ಲಿ ಸೋರುತ್ತಿದೆ, ಕೈಯಿಟ್ಟು ತೋರಿಸಿ ಎಂದು ಕೇಳಿ. ತೋರಿಸಲಾರದವರ ಕೈಗೆ ನಿಮ್ಮ ತಂದೆಯವರ ಗಾಡಿಯನ್ನು ಕೊಡಬೇಡಿ. ಬದಲಿಸಲೇಬೇಕಾಗಿ ಬಂದರೂ ಹಳೆಯದನ್ನು ಕೇಳಿ ಪಡೆದು ಮನೆಗೆ ತನ್ನಿ.